ಕಸಿ ಮಾಡು, ಸಿದ್ದಿ

ನಮ್ಮ ಕಡೆ ರೈಟರ್ ಅಂದರೆ ಕಥೆ ಬರೆಯುವವನು ಅಂದುಕೊಳ್ಳಬೇಡಿ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕಿ, ಯಾರು ಯಾವ ಕಡೆ ಕೆಲಸಕ್ಕೆ ಹೋಗಬೇಕು ಅಂತ ಹೇಳಿ, ಮೇಲಿನವರ ಹತ್ತಿರವೂ ಕೆಳಗಿನವರ ಹತ್ತಿರವೂ ಬೈಸಿಕೊಳ್ಳುವವನು ರೈಟರ್. ಮಲ್ಲಂದೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತಾರು ವರ್ಷದಿಂದ ನಾನು ಅದೇ ಕೆಲಸದಲ್ಲಿದ್ದೇನೆ. ಹೆಸರು ಚಂದ್ರಶೇಖರ. ಆ ಹೆಸರು ಹಿಡಿದು ಕರೆಯುವುದು ಬ್ಯಾಂಕಿನವರು ಮಾತ್ರ, ಮಿಕ್ಕವರಿಗೆಲ್ಲ ನಾನು ರೈಟ್ರು. ಇಷ್ಟು ವರ್ಷ ಹಾಜರಿ ಬಿಟ್ಟು ಬೇರೇನೂ ಬರೆಯದವನು ಈಗ ಸಿದ್ದಮ್ಮನ ವಿಷಯ ಬರೆಯಲು ಕೂತಿದ್ದಕ್ಕೆ ಕಾರಣ ಇದೆ. ಈ ವರ್ಷ ಅವಳಿಗಾದ ಅವಮಾನದಲ್ಲಿ ಅರ್ಧ ಪಾಲು ನನ್ನದು. ಆಮೇಲೆ ಅವಳು ಗೆದ್ದಳಲ್ಲ, ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ಸಿದ್ದಮ್ಮನಿಗೆ ಐವತ್ಮೂರು ವರ್ಷ. ಎತ್ತರ ಐದಡಿಗೆ ಸ್ವಲ್ಪ ಕಮ್ಮಿ, ನಾಲಿಗೆ ಮಾತ್ರ ಎತ್ತರಕ್ಕಿಂತ ಉದ್ದ. ನಮ್ಮ ತೋಟದಲ್ಲಿ ಅವಳಷ್ಟು ಚೊಕ್ಕವಾಗಿ ಕಸಿ ಮಾಡುವವರು ಗಂಡಸರಲ್ಲೂ ಇಲ್ಲ. ಕಸಿ ಅಂದರೇನು ಅಂತ ಇಲ್ಲೇ ಹೇಳಿಬಿಡುತ್ತೇನೆ. ಕೊಯ್ಲು ಮುಗಿದ ಮೇಲೆ ಕಾಫಿ ಗಿಡದ ಒಣಗಿದ, ಮುದಿಯಾದ, ಅಡ್ಡಾದಿಡ್ಡಿ ಬೆಳೆದ ರೆಂಬೆಗಳನ್ನು ಕತ್ತರಿಸಿ ತೆಗೆಯುವುದಕ್ಕೆ ನಾವು ಕಸಿ ಅನ್ನುತ್ತೇವೆ. ಮಾವಿನ ಗಿಡಕ್ಕೆ ಕಸಿ ಕಟ್ಟುತ್ತಾರಲ್ಲ, ಒಂದರ ಕಡ್ಡಿ ಇನ್ನೊಂದಕ್ಕೆ ಸೇರಿಸಿ, ಅದಲ್ಲ. ಬೇರೆ ಊರಿನಲ್ಲಿ ಕಸಿ ಅಂದರೆ ಕೂಡಿಸುವುದು, ನಮ್ಮಲ್ಲಿ ಕಸಿ ಅಂದರೆ ಕಡಿಯುವುದು. ಮುಂದಿನ ರಂಪವೆಲ್ಲ ಈ ಒಂದು ಮಾತಿನಿಂದಲೇ.

ಸಾವಿರದ ಒಂಬೈನೂರ ತೊಂಬತ್ತನಾಲ್ಕರಲ್ಲಿ ಸಿದ್ದಮ್ಮನಿಗೆ ಇಪ್ಪತ್ತೆರಡು ವರ್ಷ, ಮಗಳು ಅರ್ಚನಾ ಎಂಟು ತಿಂಗಳ ಕೂಸು. ಆ ವರ್ಷದ ಕೊಯ್ಲಿಗೆ ಬಂದಿದ್ದ ಗುಂಪಿನ ಹೆಂಗಸೊಬ್ಬಳ ಜೊತೆ ಅವಳ ಗಂಡ ಹೊರಟುಹೋದ. ಎಲ್ಲಿಗೆ ಅಂತ ಇವತ್ತಿಗೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಉಮೇದು ಯಾರಿಗೂ ಬರಲಿಲ್ಲ. ಸಿದ್ದಮ್ಮ ಹದಿನೈದು ದಿನ ಲೈನ್ ಮನೆಯ, ಅಂದರೆ ಆಳುಗಳ ಸಾಲುಮನೆಯ, ಬಾಗಿಲು ಹಾಕಿಕೊಂಡು ಮಲಗಿದಳು. ನಾನು ಹದಿನೈದು ದಿನವೂ ಅವಳ ಹೆಸರಿನ ಮುಂದೆ ಗೈರು ಅಂತ ಹಾಕಿದೆ. ಆಗ ನನಗೆ ವಯಸ್ಸೂ ಇರಲಿಲ್ಲ, ಬುದ್ಧಿಯೂ ಇರಲಿಲ್ಲ.

ಬುದ್ಧಿ ಇದ್ದವನು ಗಿಡ್ಡಪ್ಪ ಮೇಸ್ತ್ರಿ. ಮುದುಕ ಹದಿನಾರನೇ ದಿನ ಬೆಳಿಗ್ಗೆ ಹೋಗಿ ಅವಳ ಬಾಗಿಲು ತಟ್ಟಿ, ಒಂದು ಕಸಿ ಕತ್ತರಿ ಕೈಗೆ ಕೊಟ್ಟು, ಬಾ ಅಂದ. ಆ ಕಾಲಕ್ಕೆ ನಮ್ಮ ತೋಟದಲ್ಲಿ ಹೆಂಗಸರು ಹಣ್ಣು ಕೊಯ್ಯಬೇಕು, ಕಳೆ ತೆಗೆಯಬೇಕು, ಕತ್ತರಿ ಮುಟ್ಟುವ ಹಾಗಿರಲಿಲ್ಲ. ಮೊದಲ ಗಿಡಕ್ಕೆ ಕತ್ತರಿ ಹಾಕಿಸಿದಾಗ ಸಿದ್ದಮ್ಮ ಅತ್ತುಬಿಟ್ಟಳಂತೆ. ಇಷ್ಟೊಂದು ಕಡಿದರೆ ಗಿಡ ಬದುಕತ್ತಾ ಅಂತ ಕೇಳಿದಳಂತೆ. ಗಿಡ್ಡಪ್ಪ ಹೇಳಿದ್ದು ಇಷ್ಟೇ, ಕಸಿ ಮಾಡಿದ್ದಕ್ಕೆ ಸತ್ತ ಗಿಡ ನಾನು ನೋಡಿಲ್ಲ, ಮಾಡದೇ ಸತ್ತದ್ದು ಬೇಕಾದಷ್ಟು ನೋಡಿದ್ದೀನಿ.

ಈ ಮಾತು ಪಕ್ಕದಲ್ಲೇ ಇದ್ದ ದೇವರಾಜನ ಕಿವಿಗೆ ಬಿತ್ತು. ದೇವರಾಜ ಯಾರು ಅಂತ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯವರಿಗೆ ಹೇಳಬೇಕಾಗಿಲ್ಲ. ತೋಟದಿಂದ ತೋಟಕ್ಕೆ ಸುತ್ತಿ ಪಂಪು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ರಿಪೇರಿ ಮಾಡುತ್ತಿದ್ದವನು. ಹೆಗಲಿಗೆ ಒಂದು ಕಡೆ ಸ್ಪಾನರ್ ಚೀಲ, ಇನ್ನೊಂದು ಕಡೆ ಗಿಟಾರ್. ಮಂಗಳೂರಿನಿಂದ ತಂದ ಹಳೇ ಗಿಟಾರ್ ಅದು. ಅದರ ಮೇಲೆ ಅವನು ಕಟ್ಟಿದ ಹಾಡುಗಳು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಕೂಲಿ ಹೆಚ್ಚಿಸಿ ಅಂತ ಕೂತ ಧರಣಿಯಲ್ಲಿ, ಎಲ್ಲ ಕಡೆ ಓಡಾಡಿದವು. ನಮ್ಮ ಗುಡ್ಡಗಳಲ್ಲಿ ಇವತ್ತು ಗಿಟಾರ್ ಹಿಡಿಯುವ ಯಾವ ಹುಡುಗನೇ ಆಗಲಿ, ಮೊದಲು ಕಲಿಯುವುದು ದೇವರಾಜನ ಹೆಬ್ಬೆರಳಿನ ಪೆಟ್ಟು. ಅವನು ಆ ದಿನ ಪಂಪು ಬಿಚ್ಚಿಟ್ಟು ಸಿದ್ದಮ್ಮನ ಕತ್ತರಿ ನೋಡುತ್ತಾ ಕೂತ. ಒಂದು ವಾರದಲ್ಲಿ ಹಾಡು ಕಟ್ಟಿ ತಂದು, ನಿನ್ನ ಹೆಸರು ಹಾಕ್ಲಾ ತಂಗೀ ಅಂತ ಅವಳನ್ನೇ ಕೇಳಿದ. ಹಾಕಣ್ಣ ಅಂದಳು ಸಿದ್ದಮ್ಮ. ಅವಳು ಮತ್ತೆ ನಕ್ಕದ್ದು ಆ ದಿನ ಅಂತ ಲೈನಿನವರು ಹೇಳುತ್ತಾರೆ. ಹಾಡು ಕ್ಯಾಸೆಟ್ಟಿನಲ್ಲೂ ಬಂತು.

ದೇವರಾಜ ತೀರಿಕೊಂಡು ನಾಲ್ಕು ವರ್ಷ ಆಯಿತು. ಕಳೆದ ವರ್ಷ ಚಿಕ್ಕಮಗಳೂರು ಪೇಟೆಯ ಮೂವರು, ಅವನ ಹಾಡುಗಳನ್ನೇ ಎರಡು ಗಂಟೆ ಹಾಡುವ ಕಾರ್ಯಕ್ರಮ ಮಾಡಿ ಊರೂರು ತಿರುಗುವುದು ಅಂತ ತೀರ್ಮಾನಿಸಿದರು. ಗಿಟಾರ್ ಹಿಡಿದು ಹಾಡುವವನು ತನ್ಮಯ್, ಪಿಟೀಲು ನುಡಿಸಿ ನಿರೂಪಣೆ ಮಾಡುವವಳು ಮೇಘಶ್ರೀ, ತಾಳಕ್ಕೆ ಹರ್ಷವರ್ಧನ. ಒಳ್ಳೆಯ ಮಕ್ಕಳು. ದೇವರಾಜನನ್ನು ದೇವರ ಹಾಗೆ ನೋಡುವವರು. ಆದರೆ ಕಾಫಿಯನ್ನು ಲೋಟದಲ್ಲಿ ಮಾತ್ರ ನೋಡಿದವರು.

ಹಳೇ ಕ್ಯಾಸೆಟ್ ಎಲ್ಲೂ ಸಿಗದೆ ನನ್ನ ಹತ್ತಿರ ಇದ್ದದ್ದನ್ನು ತೆಗೆದುಕೊಂಡು ಹೋಗಿದ್ದರು. ಅದರಲ್ಲಿ ಸಿದ್ದಮ್ಮನ ಹಾಡು ಬರುವ ಕಡೆ ಟೇಪು ಸಿಕ್ಕಿಹಾಕಿಕೊಂಡು ಮುದುಡಿಹೋಗಿತ್ತು. ಒಂದು ಚರಣ ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಮೊದಲ ಸಾಲು ಬಿಟ್ಟರೆ ಮಿಕ್ಕದ್ದು ಗೊರಗೊರ. ಡಿಸೆಂಬರಿನಲ್ಲಿ, ಸರಿಯಾಗಿ ಹಣ್ಣು ತೂಕ ಹಾಕುವ ಹೊತ್ತಿಗೆ, ತನ್ಮಯ್ ಫೋನು ಮಾಡಿದ. ಸಾರ್, ಈ ಹಾಡಲ್ಲಿ ಕಸಿ ಅಂದ್ರೆ ಕಸಿನೇ ಅಲ್ವಾ ಅಂತ ಕೇಳಿದ. ಕಸಿ ಅಂದ್ರೆ ಕಸಿ ಮಾರಾಯ, ಇನ್ನೆಂತ ಅಂತ, ತೂಕಕ್ಕೆ ನಿಂತಿದ್ದ ಸಿದ್ದಮ್ಮನ ಮುಂದೆಯೇ ರೇಗಿ ಫೋನಿಟ್ಟೆ. ಕಸಿಗೆ ಇನ್ನೊಂದು ಅರ್ಥ ಇದೆ ಅಂತ ನನಗೆ ಹೊಳೆಯಲೇ ಇಲ್ಲ, ಅವನಿಗೂ ಅಷ್ಟೆ.

ಫೆಬ್ರವರಿಯಲ್ಲಿ ಮೊದಲ ಕಾರ್ಯಕ್ರಮ ಮಲ್ಲಂದೂರಿನಲ್ಲೇ ಆಯಿತು. ಶನಿವಾರ ನಾಲ್ಕು ಗಂಟೆಗೆ ಮೈದಾನ ತುಂಬಿತ್ತು. ಸಿದ್ದಮ್ಮ ಹೊಸ ಸೀರೆ ಉಟ್ಟು, ಜೊತೆಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಎರಡನೇ ಸಾಲಿನಲ್ಲಿ ಕೂತಿದ್ದಳು. ತನ್ನ ಹಾಡು ಬರುತ್ತದೆ ಅಂತ ಒಂದು ತಿಂಗಳಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಆ ಹಾಡಿನ ಸರದಿ ಬಂದಾಗ ಮೇಘಶ್ರೀ ದನಿ ಇಳಿಸಿ, ಇದು ದೇವರಾಜ ಯಾರಿಗೂ ಹೇಳದೆ ಮುಚ್ಚಿಟ್ಟ ಪ್ರೀತಿಯ ಹಾಡು, ಸಿದ್ದಿ ಎಂಬ ತೋಟದ ಹುಡುಗಿಗೆ ಅಂದಳು. ತನ್ಮಯ್ ಕಣ್ಣು ಮುಚ್ಚಿ, ಜೋಗುಳದ ಹಾಗೆ ನಿಧಾನವಾಗಿ, ಕಸಿ ಕಟ್ಟು ಸಿದ್ದಿ, ನಿನ್ನ ರೆಂಬೆಗೆ ನನ್ನ ಕಟ್ಟು ಅಂತ ಶುರು ಮಾಡಿದ. ಕಸಿ ಮಾಡು ಅಂತ ಇದ್ದದ್ದನ್ನು ಕಸಿ ಕಟ್ಟು ಅಂತ ತಿದ್ದಿ, ಗೊರಗೊರ ಅಂದ ಕಡೆಯೆಲ್ಲ ತಾನೇ ಸಾಲು ತುಂಬಿದ್ದ. ಕ್ಯಾಸೆಟ್ಟಿನ ಹಾಡಿಗೆ ಅಷ್ಟು ವೇಗ ಇದ್ದದ್ದು ಟೇಪಿನ ದೋಷ ಅಂದುಕೊಂಡು ಎಳೆದಿದ್ದ.

ಹಿಂದಿನ ಸಾಲಿನಿಂದ ಸಿಳ್ಳೆ ಬಿತ್ತು. ಓಹೋ ಸಿದ್ದಮ್ಮ ಅಂತ ಯಾರೋ ಕೂಗಿದರು. ಗಂಡ ಯಾಕೆ ಬಿಟ್ಟು ಹೋದ ಅಂತ ಈಗ ಗೊತ್ತಾಯ್ತು ಅಂತ ಇನ್ನೊಬ್ಬ ಅಂದದ್ದು ನನ್ನ ಕಿವಿಗೇ ಬಿತ್ತು. ಸಿದ್ದಮ್ಮ ಎದ್ದು ಹೋಗಲಿಲ್ಲ. ಕೊನೆಯ ಹಾಡಿನವರೆಗೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದು, ಆಮೇಲೆ ನನ್ನ ಮುಂದೆಯೇ ಮುಖ ತಿರುಗಿಸಿಕೊಂಡು ಹೋದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನಗೆ ಆ ಫೋನು ನೆನಪಾದದ್ದು ಆಗ. ನಾಚಿಕೆಯಿಂದ ಸತ್ತುಹೋದೆ.

ಊರ ಬಾಯಿ ಸಾಲದು ಅಂತ ಈಗ ಎಲ್ಲರ ಕೈಯಲ್ಲೂ ಫೋನಿದೆ. ಭಾನುವಾರ ಮಧ್ಯಾಹ್ನದೊಳಗೆ ಆ ಹಾಡಿನ ವಿಡಿಯೋ ಕಳಸ ಮುಟ್ಟಿತು. ಅರ್ಚನಾ ಈಗ ಕಳಸದಲ್ಲಿ ಹೈಸ್ಕೂಲ್ ಟೀಚರು. ಮೂರು ವರ್ಷದ ಹಿಂದೆ ಅಲ್ಲಿನ ಅಡಿಕೆ, ಮೆಣಸಿನ ತೋಟದವರ ಮಗ, ಅವಳ ಜೊತೆಗೇ ಪಾಠ ಮಾಡುವವನು, ಮೆಚ್ಚಿ ಮದುವೆಯಾದ. ಅತ್ತೆ ಗಿರಿಜಾಂಬಾ ಗಂಡನಿಲ್ಲದೆ ಮನೆ ನಡೆಸಿದ ಗಟ್ಟಿ ಹೆಂಗಸು, ಮಾತು ಕಮ್ಮಿ, ನಗು ಅದಕ್ಕಿಂತ ಕಮ್ಮಿ. ಸಂಬಂಧ ಕೂಡುವಾಗ ಹುಡುಗಿಯ ತಂದೆ ಏನು ಮಾಡುತ್ತಾರೆ ಅಂತ ಅವರು ಕೇಳಿದ್ದಕ್ಕೆ ಸಿದ್ದಮ್ಮ ಹೆದರಿ, ತೀರಿಕೊಂಡ್ರು ಅಂದುಬಿಟ್ಟಿದ್ದಳು. ಅರ್ಚನಾ ಪಕ್ಕದಲ್ಲೇ ಇದ್ದು ಸುಮ್ಮನಿದ್ದಳು. ಈಗ ಅದೇ ಗಿರಿಜಾಂಬಾ ವಿಡಿಯೋ ನೋಡಿ, ಈ ಸಿದ್ದಿ ಅನ್ನೋದು ನಿಮ್ಮ ತಾಯಿನಾ ಅಂತ ಸೊಸೆಯನ್ನು ಕೇಳಿದರಂತೆ. ಅರ್ಚನಾ ಅಳುತ್ತಾ ಅಮ್ಮನಿಗೆ ಫೋನು ಮಾಡಿದಳು. ಮುಂದಿನ ಭಾನುವಾರ ಕಳಸದಲ್ಲೂ ಕಾರ್ಯಕ್ರಮ ಇದೆ, ಊರೆಲ್ಲ ಬರುತ್ತದೆ, ಆ ಹಾಡು ಬಿಡಿಸು ಅಂತ ಬೇಡಿಕೊಂಡಳು.

ಸೋಮವಾರ ಬೆಳಿಗ್ಗೆ ಹಾಜರಿ ಹೊತ್ತಿಗೆ ಸಿದ್ದಮ್ಮ ಎಲ್ಲರ ಮುಂದೆಯೇ ಕೇಳಿದಳು, ಆ ಹುಡುಗ ಫೋನಿನಲ್ಲಿ ನಿಮ್ಮನ್ನ ಎಂತ ಕೇಳಿದ ರೈಟ್ರೇ ಅಂತ. ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. ಅವಳು ಬೈಯಲಿಲ್ಲ, ಅವರನ್ನು ನಾಳೆ ತೋಟಕ್ಕೆ ಕರೆಸಿ ಅಂದು ಕತ್ತರಿ ತೆಗೆದುಕೊಂಡು ಹೋದಳು. ಬೈದಿದ್ದರೆ ವಾಸಿ ಇತ್ತು.

ಮೂವರೂ ಮರುದಿನ ಬಂದರು. ನನ್ನಿಂದ ವಿಷಯ ತಿಳಿದು ಮುಖ ಸಪ್ಪಗಾಗಿತ್ತು. ತನ್ಮಯ್ ನೇರ ಕಾಲಿಗೆ ಬೀಳಲು ಹೋದ, ಅವಳು ಹಿಂದೆ ಸರಿದಳು. ಹಾಡನ್ನೇ ಬಿಟ್ಟುಬಿಡುತ್ತೇವೆ, ತಪ್ಪಾಯಿತು ಅಂತ ಎಲ್ಲ ಕಡೆ ಹಾಕುತ್ತೇವೆ ಅಂದ.

“ಬಿಟ್ರೆ ಆ ಸುಳ್ಳೇ ಉಳಿಯತ್ತೆ ಮಾರಾಯ,” ಅಂದಳು ಸಿದ್ದಮ್ಮ. “ಹಾಡು ನಂದು. ಬಿಡೋದು ಬೇಡ, ಸರಿ ಮಾಡಿ ಹಾಡಿ.”

ಹಾಗಂದವಳೇ ಮೂವರ ಕೈಗೂ ಒಂದೊಂದು ಕತ್ತರಿ ಕೊಟ್ಟಳು. ಅರ್ಧ ದಿನ ಅವರನ್ನು ಗಿಡದ ಸಾಲಿನಲ್ಲಿ ನಿಲ್ಲಿಸಿ ಕಸಿ ಮಾಡಿಸಿದಳು. ಒಣಗಿದ್ದು ಯಾವುದು, ಮುದಿ ಯಾವುದು, ನೋಡಲು ಚಂದ ಇದ್ದರೂ ಹಣ್ಣು ಕೊಡದ್ದು ಯಾವುದು, ಎಲ್ಲ ತೋರಿಸಿದಳು. ತನ್ಮಯ್ ಒಂದು ಒಳ್ಳೆಯ ರೆಂಬೆಯನ್ನೇ ಕತ್ತರಿಸಿ ಇಟ್ಟ, ಅದಕ್ಕೆ ಸರಿಯಾಗಿ ಬೈಸಿಕೊಂಡ. ಮೇಘಶ್ರೀಯ ಅಂಗೈಯಲ್ಲಿ ಗುಳ್ಳೆ ಎದ್ದಿತು. ಹರ್ಷವರ್ಧನ ಮಾತ್ರ ಕತ್ತರಿ ಕೆಳಗಿಟ್ಟು ಸಿದ್ದಮ್ಮನ ಕೈ ನೋಡುತ್ತಾ ನಿಂತುಬಿಟ್ಟ. ಅವಳು ಎರಡು ಸಲ ಕತ್ತರಿಸಿ ಒಂದು ಸಲ ಎಳೆಯುತ್ತಾಳೆ, ಕಟ್, ಕಟ್, ಸರ್ರ್. ಅವನು ತೊಡೆಯ ಮೇಲೆ ಅದನ್ನೇ ಬಾರಿಸಿದ. ತನ್ಮಯ್ ತಿರುಗಿ ನೋಡಿದ. ದೇವರಾಜನ ಹೆಬ್ಬೆರಳಿನ ಪೆಟ್ಟು ಅಂತ ಇಷ್ಟು ವರ್ಷ ಎಲ್ಲರೂ ಕಲಿತದ್ದು ಸಿದ್ದಮ್ಮನ ಕತ್ತರಿಯ ಪೆಟ್ಟು. ಟೇಪಿಗೆ ಯಾವ ದೋಷವೂ ಇರಲಿಲ್ಲ, ಕಸಿ ಮಾಡುವವರ ಕೈ ಅಷ್ಟೇ ವೇಗವಾಗಿ ಓಡುತ್ತದೆ. ತನ್ಮಯ್‌ನ ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ, ನನಗೂ ಬಂತು.

ಊಟದ ಹೊತ್ತಿಗೆ ಸಿದ್ದಮ್ಮ ಹಾಡು ಪೂರ್ತಿ ಹೇಳಿಕೊಟ್ಟಳು. ಮೊದಲನೆಯದು ಹೀಗೆ:

ಕಸಿ ಮಾಡು ಸಿದ್ದಿ, ಕಸಿ ಮಾಡು
ಒಣಗಿದ ರೆಂಬೆ ಕಡಿದುಬಿಡು
ಗಿಡದ ಒಡಲಿಗೆ ಬಿಸಿಲು ಬೀಳಲಿ
ಬರುವ ವರುಷದ ಹೂವ ನೋಡು

ಆಮೇಲೆ ಎರಡನೇ ಚರಣ ಹೇಳಿದಳು. ಅದು ಕಂಬಚಿಗುರಿನ ಮಾತು. ಕಾಫಿ ಗಿಡದ ಬುಡದಿಂದ ನೆಟ್ಟಗೆ ಕಂಬದ ಹಾಗೆ ಎದ್ದು, ಗಿಡದ ಸತ್ವವನ್ನೆಲ್ಲ ಕುಡಿದು, ಒಂದು ಹಣ್ಣೂ ಕೊಡದ ಚಿಗುರು ಅದು. ಕಂಡ ಕೂಡಲೇ ಕಿತ್ತು ಎಸೆಯುತ್ತೇವೆ. ದೇವರಾಜ ಆ ಚಿಗುರಿಗೆ ಸಿದ್ದಮ್ಮನ ಗಂಡನನ್ನು ಹೋಲಿಸಿ ಹಾಡಿದ್ದ. ಮೂವರೂ ಕೇಳಿ ಗೊಳ್ಳೆಂದು ನಕ್ಕರು. ನನಗೆ ನಗು ಬರಲಿಲ್ಲ. ಈ ಚರಣ ಕಳಸದಲ್ಲಿ ಹಾಡಿದರೆ ಗಂಡ ಸತ್ತಿಲ್ಲ, ಬಿಟ್ಟು ಹೋದ ಅಂತ ಬೀಗರಿಗೆ ಗೊತ್ತಾಗುತ್ತದಲ್ಲ ಮಾರಾಯ್ತಿ ಅಂದೆ. ಮೊದಲ ಚರಣ ಸರಿಯಾಗಿ ಹಾಡಿದರೆ ನಿನ್ನ ಹೆಸರು ಉಳಿಯುತ್ತದೆ, ಎರಡನೆಯದು ಕ್ಯಾಸೆಟ್ಟಿನಲ್ಲೂ ಹೋಗಿದೆ, ಹೋಗಲಿ ಬಿಡು ಅಂತ ಬುದ್ಧಿ ಹೇಳಿದೆ. ಅರ್ಚನಾ ಕೂಡ ಫೋನಿನಲ್ಲಿ ಅದನ್ನೇ ಹೇಳಿದಳು, ಅದೊಂದು ಚರಣ ಬೇಡಮ್ಮ, ನನ್ನ ಮನೆ ಇದು ಅಂದಳು. ಸಿದ್ದಮ್ಮ ಫೋನಿಟ್ಟು, ಕತ್ತರಿ ತೆಗೆದುಕೊಂಡು ಗಿಡದ ಸಾಲಿಗೆ ಹೋದಳು.

ಶನಿವಾರ ಮೂಡಿಗೆರೆಯಲ್ಲಿ ಮೊದಲ ಚರಣವನ್ನಷ್ಟೇ ಹಾಡಿದರು, ಸರಿಯಾದ ಮಾತಿನಲ್ಲಿ, ಸರಿಯಾದ ಓಟದಲ್ಲಿ. ಮಲ್ಲಂದೂರಿನಲ್ಲಿ ತಾವು ಮಾಡಿದ ತಪ್ಪನ್ನು ಮೇಘಶ್ರೀ ಒಂದೂ ಬಿಡದೆ ಒಪ್ಪಿಕೊಂಡಳು, ಗುಳ್ಳೆ ಎದ್ದ ಕೈಯನ್ನೂ ತೋರಿಸಿದಳು. ತೋಟದ ಜನ ಕುರ್ಚಿ ಬಿಟ್ಟು ಎದ್ದು ಕುಣಿದರಂತೆ. ಸಿದ್ದಮ್ಮ ಅಲ್ಲಿಗೆ ಬಂದಿರಲಿಲ್ಲ. ಸುದ್ದಿ ಹೇಳಲು ನಾನು ಫೋನು ಮಾಡಿದರೆ, ನಾಳೆ ಕಳಸಕ್ಕೆ ನಾನೂ ಬರ್ತೀನಿ ಅಂತ ಮಾತ್ರ ಅಂದಳು.

ಭಾನುವಾರ ಜೀಪಿನಲ್ಲಿ ಬಾಳೆಹೊನ್ನೂರಿನ ಮೇಲೆ ಹೋದೆವು. ದಾರಿಯುದ್ದಕ್ಕೂ ಅವಳು ಮಡಿಲಲ್ಲಿ ಕತ್ತರಿ ಇಟ್ಟುಕೊಂಡು ಕೂತಿದ್ದಳು. ಎರಡನೇ ಚರಣ ಇದೆಯಾ ಇಲ್ಲವಾ ಅಂತ ತನ್ಮಯ್ ಎರಡು ಸಲ ಕೇಳಿದ. ನನ್ನ ಮುಖ ನೋಡಿಕೊಳ್ಳಿ, ಆಗ ಗೊತ್ತಾಗತ್ತೆ ಅಂದಳು. ಹುಡುಗನಿಗೆ ಬೆವರು ಬಂತು.

ಕಳಸದಲ್ಲಿ ನಾಲ್ಕೂವರೆಯ ಬಿಸಿಲಿಗೆ ಮೈದಾನದ ಅರ್ಧ ನೆರಳು, ಅರ್ಧ ಬೆಳಕು. ಮೊದಲ ಸಾಲಿನಲ್ಲಿ ಅರ್ಚನಾ, ಅವಳ ಗಂಡ, ನಡುವೆ ಗಿರಿಜಾಂಬಾ. ಅವರ ಹಿಂದೆ ಶಾಲೆಯ ಮೇಷ್ಟರುಗಳು, ಪೇಟೆಯ ಜನ, ಸುತ್ತಲಿನ ತೋಟಗಳಿಂದ ಬಂದ ಹೆಂಗಸರು. ಆರನೇ ಹಾಡಿಗೆ ಮೇಘಶ್ರೀ ಸಿದ್ದಮ್ಮನನ್ನು ವೇದಿಕೆಗೆ ಕರೆದಳು. ಮೈಕು ಅವಳ ಎತ್ತರಕ್ಕೆ ಇಳಿಸಬೇಕಾಯಿತು. ಇನ್ನೊಂದು ಮೈಕನ್ನು ಹರ್ಷವರ್ಧನ ಅವಳ ಕತ್ತರಿಯ ಹತ್ತಿರ ಇಟ್ಟ.

ಕಟ್, ಕಟ್, ಸರ್ರ್ ಅಂತ ಕತ್ತರಿ ಶುರುವಾಯಿತು, ಗಿಟಾರ್ ಅದರ ಹಿಂದೆ ಓಡಿ ಬಂತು. ಮೊದಲ ಚರಣ ಮುಗಿಯುವ ಹೊತ್ತಿಗೆ ತೋಟದ ಹೆಂಗಸರೆಲ್ಲ ಚಪ್ಪಾಳೆ ಹಾಕುತ್ತಿದ್ದರು. ಕಸಿ ಅಂದರೆ ಏನು ಅಂತ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇದು ಪ್ರೀತಿಯ ಹಾಡಲ್ಲ ಅಂತ ಕೂಸಿಗೂ ಗೊತ್ತಾಗುತ್ತಿತ್ತು. ಇಲ್ಲಿಗೆ ನಿಲ್ಲಿಸಿದ್ದರೆ ಅವಳ ಮಾನ ಉಳಿದ ಹಾಗೇ ಆಗಿತ್ತು. ನಾನು ಮನಸ್ಸಿನಲ್ಲೇ ಸಾಕು ಸಾಕು ಅಂತ ಜಪ ಮಾಡುತ್ತಿದ್ದೆ. ಅರ್ಚನಾ ಸೆರಗಿನ ತುದಿ ಬಿಗಿಯಾಗಿ ಹಿಡಿದಿದ್ದಳು.

ಸಿದ್ದಮ್ಮ ಕತ್ತರಿ ನಿಲ್ಲಿಸಿದಳು. ತನ್ಮಯ್‌ನ ಬೆರಳೂ ನಿಂತಿತು.

“ನಾನೇ ಸಿದ್ದಿ,” ಅಂದಳು. “ನನ್ನ ಗಂಡ ತೀರಿಕೊಂಡ್ರು ಅಂತ ನಮ್ಮ ಬೀಗ್ತಿಯವ್ರಿಗೆ ಹೇಳಿದ್ದೆ. ತೀರಿಕೊಂಡಿಲ್ಲ. ಕೂಸು ಎಂಟು ತಿಂಗಳಿರೋವಾಗ ಬಿಟ್ಟು ಹೋದ. ಸುಳ್ಳು ಹೇಳಿದ್ದು ನಾನು, ನನ್ನ ಮಗಳಲ್ಲ. ದೇವರಾಜಣ್ಣ ನನ್ನನ್ನ ತಂಗಿ ಅಂತ ಕರೀತಿದ್ರು. ಅವರು ಬರೆದದ್ದು ಹೀಗೆ.”

ಕತ್ತರಿ ಮತ್ತೆ ಓಡಿತು. ಈ ಸಲ ಹಾಡಿದ್ದು ಅವಳೊಬ್ಬಳೇ.

ಹೋದವನೊಂದು ಕಂಬಚಿಗುರು
ಗಿಡದ ಹಾಲನು ಕುಡಿದ ಚಿಗುರು
ಕಿತ್ತು ಬಿಸಾಕು ದಾರಿಯ ಬದಿಗೆ
ತಾಯಿಗೆ ಯಾತಕೆ ಅವನ ಹೆಸರು

ಹಿಂದೆ ತೋಟದ ಹೆಂಗಸರು ಹೋ ಅಂತ ಎದ್ದರು. ಒಬ್ಬಳು ಕಿತ್ತು ಬಿಸಾಕೇ ಅಂತ ಕೂಗಿದಳು. ಆದರೆ ಮೊದಲ ಸಾಲಿನಲ್ಲಿ ಯಾರೂ ಅಲುಗಾಡಲಿಲ್ಲ. ಅರ್ಚನಾ ತಲೆ ಬಗ್ಗಿಸಿದ್ದಳು. ಊರಿನವರೆಲ್ಲ ಗಿರಿಜಾಂಬಾ ಕಡೆ ನೋಡುತ್ತಿದ್ದರು, ವೇದಿಕೆಯ ಮೇಲಿಂದ ಸಿದ್ದಮ್ಮನೂ ಅವರನ್ನೇ ನೋಡುತ್ತಿದ್ದಳು.

ಗಿರಿಜಾಂಬಾ ನಿಧಾನಕ್ಕೆ ಎದ್ದರು. ಸೊಸೆಯ ಹೆಗಲ ಮೇಲೆ ಕೈ ಇಟ್ಟು, ಅವಳನ್ನೂ ಎಬ್ಬಿಸಿ ನಿಲ್ಲಿಸಿಕೊಂಡರು. ಆಮೇಲೆ ವೇದಿಕೆಯ ಕಡೆ ಮುಖ ಮಾಡಿ, ಮೈಕಿಲ್ಲದಿದ್ದರೂ ಮೈದಾನಕ್ಕೆಲ್ಲ ಕೇಳುವ ಹಾಗೆ ಹೇಳಿದರು.

“ಆ ಕಂಬಚಿಗುರಿನ ಚರಣ ಇನ್ನೊಂದ್ಸಲ ಹೇಳಿ ಬೀಗ್ತಿಯವ್ರೇ. ಒನ್ಸ್ ಮೋರ್.”

ಸಿದ್ದಮ್ಮ ಹೇಳಿದಳು. ಮುಗಿಯುವ ಮುಂಚೆಯೇ ಇನ್ನೊಂದು ಸಲ ಬೇಕು ಅಂದರು. ಮೂರನೆಯ ಸಲಕ್ಕೆ ಮೈದಾನಕ್ಕೆ ಮೈದಾನವೇ ಹಾಡುತ್ತಿತ್ತು, ಅರ್ಚನಾ ಅಳುತ್ತಾ ನಗುತ್ತಾ ಹಾಡುತ್ತಿದ್ದಳು, ಅವಳ ಪಕ್ಕದಲ್ಲಿ ಗಿರಿಜಾಂಬಾ ಎಲ್ಲರಿಗಿಂತ ಜೋರಾಗಿ ತಾಳ ತಪ್ಪಿ ಚಪ್ಪಾಳೆ ಹೊಡೆಯುತ್ತಿದ್ದರು.